ನೆರಳೇ ಕೋಳಿಯ ಬಳಿಗೆ ಬರಬೇಕು

ಬಳ್ಳಾರಿ ಸೀಮೆಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬ ತಮಾಷೆಯ ಮಾತುಂಟು. ಏಪ್ರಿಲ್ ತಿಂಗಳಿನಲ್ಲಿ ಹೊಸಪೇಟೆಯಿಂದ ತುಂಗಭದ್ರೆಯನ್ನು ದಾಟಿ ಕೊಪ್ಪಳದತ್ತ ಪ್ರಯಾಣ ಮಾಡಿದವರಿಗೆ ಅದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಮಧ್ಯಾಹ್ನದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಈ ಬಯಲುಸೀಮೆಯಲ್ಲೇ ದೊಡ್ಡ ದೊಡ್ಡ ಮೊಟ್ಟೆಕೋಳಿ ಫಾರಂಗಳಿವೆ. ಕೋಳಿಯ ಆಹಾರಕ್ಕೆ ಬೇಕಾದ ಮೆಕ್ಕೆಜೋಳ ಸುತ್ತಲಿನ ಹೊಲಗಳಲ್ಲೇ ಬೆಳೆಯುತ್ತದೆ.

ಇಂಥ ಸೀಮೆಯಲ್ಲಿ ಶೆಡ್ಡುಗಳನ್ನು ಹೇಗೆ ಕಟ್ಟುತ್ತಾರೆಂಬುದನ್ನು ಗಮನಿಸಿ. ಉದ್ದ ಪೂರ್ವ-ಪಶ್ಚಿಮವಾಗಿರಬೇಕು. ಆಗ ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಕಿರಿದಾದ ತುದಿಗಳಿಗೆ ಮಾತ್ರ ತಾಗುತ್ತದೆ. ಉದ್ದನೆಯ ಪಕ್ಕಗಳಲ್ಲಿ ಗಾಳಿಯಾಡಲೆಂದು ತಂತಿಬಲೆ. ಮೇಲೆ ಮುಂಚಾಚಿದ ಸೂರು.

ಇಷ್ಟೆಲ್ಲ ಏಕೆ? ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಅದರ ಮೈ ಉಷ್ಣತೆ ಸುಮಾರು 41 ಡಿಗ್ರಿ. ಹೊರಗಿನ ಗಾಳಿಯೂ ಅಷ್ಟೇ ಬಿಸಿಯಾದಾಗ ಮೈಯ ಕಾವು ಇಳಿಯಲು ಜಾಗವಿಲ್ಲ. ಕೊಕ್ಕು ತೆರೆದು ಏದುಸಿರು ಬಿಡುವುದೇ ಅದಕ್ಕೆ ಉಳಿದ ದಾರಿ. ಉಸಿರಿನೊಡನೆ ನೀರು ಆವಿಯಾಗಿ ಮೈ ತಂಪಾಗುತ್ತದೆ. ಆದರೆ ಇಂಗಾಲದ ಡೈಆಕ್ಸೈಡ್ ಕೂಡ ಅತಿಯಾಗಿ ಹೊರಹೋಗುವುದರಿಂದ ಮೊಟ್ಟೆಚಿಪ್ಪಿಗೆ ಬೇಕಾದ ಕಾರ್ಬೊನೇಟ್ ಸಾಲದಾಗುತ್ತದೆ. ಸೆಕೆಗೆ ತಿನ್ನುವುದೂ ಕಡಿಮೆ. ಹೀಗಾಗಿ ಕಡುಬೇಸಿಗೆಯ ಮೊಟ್ಟೆ ಚಿಕ್ಕದು, ಚಿಪ್ಪು ತೆಳು, ಸಾಗಿಸುವಾಗ ಬೇಗ ಒಡೆಯುತ್ತದೆ.

ಇದೇ ಬಿಸಿಲಿನಲ್ಲಿ ಹಳ್ಳಿಯ ನಾಟಿ ಕೋಳಿ ಬೇವಿನ ಮರದಡಿ ಮಣ್ಣು ಕೆದರಿ, ರೆಕ್ಕೆ ಅಗಲಿಸಿ ಮಲಗುತ್ತದೆ. ಪಂಜರದ ಕೋಳಿ ನೆರಳಿಗೆ ಹೋಗಲಾರದು. ನೆರಳೇ ಅದರ ಬಳಿಗೆ ಬರಬೇಕು. ಅದಕ್ಕಾಗಿ ಛಾವಣಿಗೆ ಸುಣ್ಣ, ಅದರ ಮೇಲೆ ಹುಲ್ಲು, ಪಕ್ಕಗಳಿಗೆ ಒದ್ದೆ ಗೋಣಿತಾಟು, ಒಳಗೆ ನೀರಿನ ತುಂತುರು. ಆಹಾರ ಜೀರ್ಣವಾಗುವಾಗಲೂ ಮೈ ಕಾವೇರುವುದರಿಂದ ಹೊತ್ತೇರುವ ಮುನ್ನ ಮತ್ತು ಬಿಸಿಲಿಳಿದ ಮೇಲೆ ಆಹಾರ ಕೊಡುವುದು ಒಳ್ಳೆಯದು. ಕುಡಿಯುವ ನೀರು ಬಿಸಿಯಾಗದಂತೆ ಟ್ಯಾಂಕಿಗೂ ನೆರಳು ಬೇಕು.

ಒಣಹವೆ ಈ ಸೀಮೆಗೆ ಒಂದು ಅನುಕೂಲ. ಇಲ್ಲಿ ನೀರು ಬೇಗ ಆವಿಯಾಗಿ ತಂಪು ಕೊಡುತ್ತದೆ. ಕರಾವಳಿಯಲ್ಲಿ ಉಷ್ಣತೆ ಇದಕ್ಕಿಂತ ಕಡಿಮೆಯಿದ್ದರೂ ಗಾಳಿಯ ತೇವದಿಂದಾಗಿ ಕೋಳಿಯ ಏದುಸಿರು ಅಷ್ಟು ಫಲ ಕೊಡದು. ಹವಾಮಾನವೆಂದರೆ ಬರಿಯ ಬಿಸಿಲಲ್ಲ ಎಂಬ ಪಾಠ ಇದರಲ್ಲಿದೆ.

ಉರಿಬಿಸಿಲಿನ ಮಧ್ಯಾಹ್ನ ಕರೆಂಟು ಹೋಗಿ ನೀರು, ಫ್ಯಾನು ನಿಂತರೆ ಕೆಲವೇ ಗಂಟೆಗಳಲ್ಲಿ ಕೋಳಿಗಳು ಸಾಯಬಹುದು. ಸಾಲ ಮಾಡಿ ಶೆಡ್ಡು ಹಾಕಿದವರಿಗೆ ಅದು ಇಡೀ ವರ್ಷದ ದುಡಿಮೆ. ಬಿಸಿಗಾಳಿಯ ದಿನಗಳು ಹೆಚ್ಚುತ್ತಿರುವ ಈ ಕಾಲದಲ್ಲಿ ಕೋಳಿ ಸಾಕಲು ಹೊರಡುವ ಯುವಕರು ಯಾವ ತಳಿ ಎಂದು ಕೇಳುವ ಮೊದಲು, ತಮ್ಮ ಜಾಗದಲ್ಲಿ ಬಿಸಿಲು ಯಾವ ಕಡೆಯಿಂದ ಬರುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ನೋಡಿಕೊಳ್ಳುವುದು ಲೇಸು.