ಬಲ್ಮಠದ ಮಳೆಗಾಲ

ಮಂಗಳೂರಿನ ಹಂಪನಕಟ್ಟೆಯಿಂದ ಜ್ಯೋತಿ ಸರ್ಕಲಿಗೆ ಬಸ್ಸಿನಲ್ಲಿ ಹೋಗುವವರಿಗೆ ಬಲ್ಮಠ ಒಂದು ಗುಡ್ಡ ಎಂಬುದೇ ಮರೆತುಹೋಗಿದೆ. ಎರಡೂ ಬದಿಗೆ ಚಿನ್ನದಂಗಡಿ, ಆಸ್ಪತ್ರೆ, ಔಷಧಿ ಅಂಗಡಿ, ಕತ್ತೆತ್ತಿ ನೋಡಬೇಕಾದ ಫ್ಲ್ಯಾಟುಗಳು. ಏರು ಎಲ್ಲಿ ಸುರುವಾಗುತ್ತದೆ ಎಂದು ಕೇಳಿದರೆ ಕಂಡಕ್ಟರೂ ತಬ್ಬಿಬ್ಬಾದಾನು. ಆದರೆ ಜೂನ್ ಬಂದು ನಾಲ್ಕು ದಿನ ಜಡಿಮಳೆ ಹೊಡೆಯಲಿ, ಗುಡ್ಡ ತಾನಾಗಿಯೇ ಎದ್ದು ಕಾಣುತ್ತದೆ. ಮುರಕಲ್ಲಿನ ಕೆಂಪು ಕದಡಿಕೊಂಡ ನೀರು ಚರಂಡಿಯ ಹಂಗಿಲ್ಲದೆ ಡಾಮರಿನ ಮೇಲೇ ಇಳಿಯುತ್ತದೆ. ಸ್ಕೂಟರಿನವರು ಎರಡೂ ಕಾಲು ಎತ್ತಿಕೊಂಡು ಸರ್ಕಸ್ ಮಾಡುತ್ತಾರೆ. ಕೊಡೆ ಹಿಡಿದವರ ಮಂಡೆ ಮಾತ್ರ ಒಣಗಿರುತ್ತದೆ, ಉಳಿದದ್ದೆಲ್ಲ ಮಳೆಯ ಪಾಲು.

ಆ ರಸ್ತೆಯಿಂದ ಒಳಗೆ ತಿರುಗಿ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಆವರಣಕ್ಕೆ ಹೋದರೆ ಸದ್ದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ದೊಡ್ಡ ಮರಗಳು, ಇಳಿಜಾರಿನ ಹೆಂಚಿನ ಮಾಡು, ಪಕ್ಕದಲ್ಲಿ 1862ರ ಶಾಂತಿ ಕೆಥೆಡ್ರಲ್. ಹಳೆ ಪುಸ್ತಕದ ಹುಚ್ಚಿನವರಿಗೆ ಇಲ್ಲಿಯ ಪತ್ರಾಗಾರವೇ ಕಾಶಿ. ನಾನು ಅಲ್ಲಿಗೆ ಹೋಗುವುದು ಹೆಚ್ಚಾಗಿ ಮಳೆಗಾಲದಲ್ಲಿ. ಬೇರೆ ಕಾಲದಲ್ಲಿ ಊರಿನಲ್ಲಿ ಮದುವೆ, ಮುಂಜಿ, ಕೋಲ, ಆಯನ ಎಂದು ಬಿಡುವೇ ಸಿಕ್ಕುವುದಿಲ್ಲವಲ್ಲ. ಹಾಗೆ ಹೋಗಿ ಕೂತು, ಮಾಡಿನ ಮೇಲೆ ಮಳೆ ಬೀಳುವುದನ್ನು ಕೇಳುತ್ತ ನನಗೊಂದು ವಾದ ಹುಟ್ಟಿಕೊಂಡಿದೆ. ಮಿಶನರಿಗಳು ಕನ್ನಡಕ್ಕೆ ಮಾಡಿದ ಉಪಕಾರ ಎಂದು ನವೆಂಬರದ ಭಾಷಣಗಳಲ್ಲಿ ಹೊಗಳುತ್ತೇವಲ್ಲ, ಅದರಲ್ಲಿ ಅರ್ಧ ಪಾಲು ನಮ್ಮ ಮಳೆಗೆ ಸಲ್ಲಬೇಕು.

ಸ್ವಿಜರ್‌ಲ್ಯಾಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ ಈ ಪಾದ್ರಿಗಳನ್ನು ಕಳಿಸಿದ್ದು. ಈಸ್ಟ್ ಇಂಡಿಯಾ ಕಂಪನಿಯ 1833ರ ಸನದು ಇಂಗ್ಲಿಷರಲ್ಲದ ಪಾದ್ರಿಗಳಿಗೂ ಬಾಗಿಲು ತೆರೆದ ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಜುಲೈಯಲ್ಲಿ ಹಡಗು ಹತ್ತಿ ಅಕ್ಟೋಬರದಲ್ಲಿ ಕಲ್ಲಿಕೋಟೆಗೆ ಬಂದರು, ಅಲ್ಲಿಂದ ಮಂಗಳೂರಿಗೆ. ನೋಡಿ, ಮೂವರೂ ಮಳೆ ಮುಗಿಸಿಕೊಂಡೇ ಬಂದಿಳಿದರು! ಹಸಿರು ಗದ್ದೆ, ತೊಳೆದಿಟ್ಟ ಆಕಾಶ, ತಂಪು ಗಾಳಿ. ಒಳ್ಳೆಯ ಊರು ಎಂದುಕೊಂಡಿರಬೇಕು. ಮುಂದಿನ ಜೂನ್ ತಿಂಗಳ ಸಂಗತಿಯನ್ನು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ.

ಇವರ ಹಿಂದಿನಿಂದ 1836ರಲ್ಲಿ ಹೆರ್ಮನ್ ಮೋಗ್ಲಿಂಗ್ ಬಂದ. ಸಭೆಗಳಲ್ಲಿ ‘ಮೋಗ್ಲಿಂಗ್ ಅವರು’, ‘ಕಿಟ್ಟೆಲ್ ಅವರು’ ಎನ್ನುತ್ತೇವೆ. ಗಡ್ಡದ ಫೋಟೊ ನೋಡಿ ಬರುವ ಮರ್ಯಾದೆ ಅದು. ಬರುವಾಗ ಮೋಗ್ಲಿಂಗನಿಗೆ ಇಪ್ಪತ್ತೈದು ವರ್ಷ. 1853ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲನಿಗೆ ಇಪ್ಪತ್ತೊಂದು. ಈಗಿನ ಲೆಕ್ಕದಲ್ಲಿ ಡಿಗ್ರಿ ಮುಗಿಸಿ ಬೆಂಗಳೂರಿನಲ್ಲಿ ಪೀಜಿ ಹುಡುಕುವ ಪ್ರಾಯ. ಅಮ್ಮ ಬಾಟ್ಲಿಯಲ್ಲಿ ಉಪ್ಪಿನಕಾಯಿ ತುಂಬಿಸಿ ಕಳಿಸುವ ಪ್ರಾಯ. ಈ ಹುಡುಗರಿಗೆ ಮನೆಯಿಂದ ಒಂದು ಪತ್ರ ಬರಬೇಕಾದರೂ ತಿಂಗಳುಗಟ್ಟಲೆ ಕಾಯಬೇಕಾಗಿತ್ತು.

ಅವರ ದಿನ ಹೇಗೆ ಬೆಳಗಾಗುತ್ತಿತ್ತು? ಪ್ರಾರ್ಥನೆ ಆದ ಮೇಲೆ ಕನ್ನಡ ಕಲಿಸುವ ಮುನ್ಶಿ. ಲೋಕಕ್ಕೆ ಉಪದೇಶ ಮಾಡಲು ಹೊರಟವನು ಮೊದಲು ಕಾಗುಣಿತ ತಿದ್ದಬೇಕು. ಅಷ್ಟು ಕಷ್ಟಪಟ್ಟು ಕನ್ನಡ ಕಲಿತು, ಟೊಪ್ಪಿ ಏರಿಸಿಕೊಂಡು ಪೇಟೆಗೆ ಇಳಿದರೆ ಏನಾಗುತ್ತದೆ? ಮೀನು ಮಾರುವವಳು ತುಳುವಿನಲ್ಲಿ ಬೈಯುತ್ತಾಳೆ, ಜಿನಸಿನಂಗಡಿಯವರು ಕೊಂಕಣಿಯಲ್ಲಿ ನಗುತ್ತಾರೆ, ಬಂದರದಲ್ಲಿ ಬ್ಯಾರಿ ಭಾಷೆ, ಕಚೇರಿಯಲ್ಲಿ ಮಾತ್ರ ಇವನು ಕಲಿತ ಕನ್ನಡ. ಗ್ರೈನರ್ ಇದನ್ನು ಬೇಗ ಅರ್ಥ ಮಾಡಿಕೊಂಡು ತುಳುವಿಗೆ ಕೈಹಾಕಿದ. ಅವನ ತುಳು ಹೊಸ ಒಡಂಬಡಿಕೆ 1847ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ಇವತ್ತಿಗೂ ಹೊರಗಿನಿಂದ ಬಂದ ಬ್ಯಾಂಕ್ ಮ್ಯಾನೇಜರುಗಳು ಇಲ್ಲಿ ಮಾಡುವ ಮೊದಲ ದೂರು ಇದೇ: ಯಾವ ಭಾಷೆ ಕಲಿಯುವುದು ಮಾರಾಯ್ರೆ?

ಊಟದ್ದು ಇನ್ನೊಂದು. ಮೋಗ್ಲಿಂಗ್ ತನ್ನ ಶಾಲೆಯ ಹುಡುಗರ ಜತೆಯಲ್ಲೇ ಇದ್ದು ಬದುಕಿದವನು. ಬ್ರೆಡ್ಡು, ಬಟಾಟೆ ತಿಂದು ಬೆಳೆದ ಆ ನಾಲಗೆಗೆ ನಮ್ಮ ಕುಚ್ಚಲಕ್ಕಿ ಗಂಜಿ ಮೊದಲ ದಿನ ಏನೆನ್ನಿಸಿರಬಹುದು? ನಾನು ಬಯಲುಸೀಮೆಯ ನೆಂಟರನ್ನು ನೋಡಿದ್ದೇನೆ. ಬಟ್ಟಲಿನಲ್ಲಿ ಒಂದೊಂದು ಅಗುಳನ್ನೂ ಬೆರಳಿನಿಂದ ಅದುಮಿ, ‘ಇದು ಬೆಂದಿದೆಯಾ?’ ಎಂದು ಕೇಳುತ್ತಾರೆ. ಅವರೇ ಹಾಗಾದರೆ ಜರ್ಮನಿಯ ವ್ಯುರ್ಟೆಂಬೆರ್ಗಿನಿಂದ ಬಂದ ಮೋಗ್ಲಿಂಗನ ಗತಿ ಊಹಿಸಿ. ಆದರೆ ಆಟಿ ತಿಂಗಳ ಮಳೆಯಲ್ಲಿ ಜ್ವರ ಬಿಟ್ಟೆದ್ದ ದಿನ ಅದೇ ಗಂಜಿಗೆ ಒಂದು ತುಂಡು ಉಪ್ಪಿನಕಾಯಿ ಹಾಕಿ ಕೊಟ್ಟರೆ ಯಾವ ದೇಶದವನೂ ಬೇಡ ಎನ್ನಲಾರ ಎಂಬುದು ನನ್ನ ನಂಬಿಕೆ.

ಒಣ ತಿಂಗಳುಗಳಲ್ಲಿ ಇವರು ಊರೂರು ಸುತ್ತುತ್ತಿದ್ದರು. ಸಂತೆ, ಜಾತ್ರೆ, ತೇರು, ಜನ ಸೇರಿದಲ್ಲೆಲ್ಲ ನಿಂತು ಬೋಧನೆ. ಕೇಳಿದವರಿಗಿಂತ ವಾದಕ್ಕೆ ನಿಂತವರು ಹೆಚ್ಚು. ವಾದಿಸಿದವರಿಗಿಂತ ಇವರ ಉಚ್ಚಾರ ಕೇಳಿ ನಕ್ಕವರು ಇನ್ನೂ ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ನಗದೆ ಕೋಪಗೊಂಡವರೂ ಇದ್ದರು, ಅದಕ್ಕೆ ಕಾರಣವೂ ಇತ್ತು. 1844ರಲ್ಲಿ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ ಎಂಬ ತರುಣ ಮತಾಂತರವಾದಾಗ ಊರಿಗೆ ಊರೇ ಎದ್ದಿತು. ಬೇರೆಯವರ ಮನೆಯ ಮಗನನ್ನು ಮನೆಯಿಂದ ಹೊರಗೆ ತರುವುದು ಸಣ್ಣ ಸಂಗತಿ ಅಲ್ಲ. ಆ ಮನೆಯವರ ದುಃಖವನ್ನು ಬಿಟ್ಟು ಬರೀ ನಿಘಂಟು, ಪತ್ರಿಕೆ ಎಂದು ಮಿಶನಿನ ಕತೆ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಇರಲಿ, ಮಳೆಗೆ ಬರೋಣ. ನಮ್ಮಲ್ಲಿ ಪತ್ತನಾಜೆ ಎಂದು ಒಂದು ದಿನವುಂಟು, ಮೇ ತಿಂಗಳ ಕೊನೆಯ ವಾರದ ಸುಮಾರಿಗೆ ಬರುತ್ತದೆ. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಭೂತಗಳ ಭಂಡಾರ ಒಳಗೆ ಹೋಗುತ್ತದೆ. ಮತ್ತೆ ದೀಪಾವಳಿಯವರೆಗೆ ತಿರುಗಾಟವಿಲ್ಲ. ನನ್ನ ಕಣ್ಣಿಗೆ ಈ ಪಾದ್ರಿ ಹುಡುಗರದ್ದೂ ಒಂದು ಮೇಳವೇ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಊರಿನಲ್ಲಿ, ಸೇತುವೆಯಿಲ್ಲದ ಹೊಳೆಗಳ ನಡುವೆ, ಜೂನ್ ತಿಂಗಳಲ್ಲಿ ಯಾವ ಸಂತೆಗೆ ಹೋಗಿ ಯಾರಿಗೆ ಬೋಧಿಸುವುದು? ಕೇಳಲು ಜನ ಎಲ್ಲಿದ್ದಾರೆ? ಎಲ್ಲರೂ ನೇಜಿ ನೆಡಲು ಗದ್ದೆಗೆ ಇಳಿದಾಗಿದೆ. ಬೋಧಕ ಬಲ್ಮಠ ಗುಡ್ಡದ ಮೇಲಿನ ಮಿಶನ್ ಮನೆಯಲ್ಲಿ ಸಿಕ್ಕಿಬಿದ್ದ. ಚರ್ಮದ ಬೂಟಿಗೆ ರಾತ್ರಿ ಬೆಳಗಾಗುವುದರೊಳಗೆ ಬಿಳಿ ಬೂಸು, ಬೈಬಲಿನ ರಟ್ಟಿಗೆ ಹಸಿರು ಬೂಸು, ಉಣ್ಣೆಯ ಕೋಟು ಒಣಗುವ ಮಾತೇ ಇಲ್ಲ. ಹೀಗಿರುವಾಗ ಮೇಜಿನ ಮುಂದೆ ಕೂತು ಬರೆಯದೆ ಬೇರೆ ದಾರಿ ಯಾವುದಿತ್ತು?

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದದ್ದು 1843ರ ಜುಲೈ 1ರಂದು. ಪತ್ರಿಕಾ ದಿನಾಚರಣೆಗೆ ಹಾರ ಹಿಡಿದು ಬರುವವರು ಈ ತಾರೀಕನ್ನು ಬಾಯಿಪಾಠ ಹೇಳುತ್ತಾರೆ. ಅದು ಸುರಿಮಳೆಯ ತಾರೀಕು ಎಂದು ಯಾರೂ ಹೇಳಿದ್ದು ಕೇಳಿಲ್ಲ. ತುಳುವರ ಕಾರ್ತೆಲ್ ತಿಂಗಳು ನಡೆಯುತ್ತಿದೆ, ಮುಂದೆ ಆಟಿ ಕಾದಿದೆ. ಆಗ ಬಲ್ಮಠದಲ್ಲಿದ್ದದ್ದು ಕಲ್ಲಚ್ಚು. ಆ ಕೆಲಸ ನಡೆಯುವ ಕ್ರಮ ಹೀಗೆ: ನಯವಾಗಿ ಉಜ್ಜಿದ ಸುಣ್ಣಕಲ್ಲಿನ ಹಲಗೆ. ಜಿಡ್ಡಿನ ಶಾಯಿಯಲ್ಲಿ ಬರೆದ ಅಕ್ಷರ ಅದರ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಕೂರಬೇಕು. ಕಲ್ಲಿಗೆ ನೀರು ಸವರಿದರೆ ಖಾಲಿ ಜಾಗ ಹೀರಿಕೊಳ್ಳುತ್ತದೆ, ಜಿಡ್ಡಿನ ಅಕ್ಷರ ನೀರನ್ನು ಹತ್ತಿರ ಸೇರಿಸುವುದಿಲ್ಲ. ಮೇಲೆ ಮಸಿಯ ಉರುಳೆ ಹಾಯಿಸಿದಾಗ ಮಸಿ ಅಕ್ಷರಕ್ಕೆ ಮಾತ್ರ ಹಿಡಿಯುತ್ತದೆ. ಕಾಗದ ಒತ್ತಿ ಎತ್ತಿದರೆ ಒಂದು ಪುಟ. ಮತ್ತೆ ನೀರು, ಮತ್ತೆ ಮಸಿ, ಮತ್ತೆ ಕಾಗದ. ಅಚ್ಚಾದ ಕಾಗದ ಒಣಗಬೇಕಲ್ಲ, ಜುಲೈಯಲ್ಲಿ ಎಲ್ಲಿ ಒಣಗಿಸುತ್ತೀರಿ? ನಮ್ಮ ಮನೆಗಳಲ್ಲಿ ಆ ತಿಂಗಳು ಶಾಲೆಗೆ ಹೋಗುವ ಮಕ್ಕಳ ಬಟ್ಟೆಯನ್ನೇ ಒಲೆಯ ಮೇಲಿನ ಹಗ್ಗಕ್ಕೆ ಹಾಕುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಊರ ಸುದ್ದಿ, ಸರ್ಕಾರದ ಆಜ್ಞೆ, ಪರದೇಶದ ವರ್ತಮಾನ ಎಲ್ಲವನ್ನೂ ಸೇರಿಸಿ ಈ ತೇವದಲ್ಲಿ ಪತ್ರಿಕೆ ತೆಗೆಯುವುದೆಂದರೆ ಹಟಮಾರಿಗಳ ಕೆಲಸ. ಮರುವರ್ಷ ಪತ್ರಿಕೆ ಮೊಳೆಯಚ್ಚಿನ ಅನುಕೂಲವಿದ್ದ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಬಳ್ಳಾರಿಯಲ್ಲಿ ಕಾಗದ ಒಣಗಿಸುವ ಚಿಂತೆಯಂತೂ ಇರಲಾರದು.

ಕಲ್ಲಚ್ಚಿನ ಮೇಲೆ ಆಮೇಲೆ ಏನೇನು ಬಂತು ನೋಡಿ. ಜೈಮಿನಿ ಭಾರತ, ಬಸವಪುರಾಣ, 1850ರಲ್ಲಿ ದಾಸರ ಪದಗಳು. ಕ್ರಿಸ್ತನ ಮಾತು ಹೇಳಲು ಹಡಗು ಹತ್ತಿದ ಮೋಗ್ಲಿಂಗ್ ಹರಿಯ ಭಕ್ತರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿದ! ಎದುರಾಳಿಯ ಮನಸ್ಸು ತಿಳಿಯುವುದಕ್ಕೆ ಎಂದು ಕೆಲವರು ಹೇಳುತ್ತಾರೆ. ಸುರುವಿಗೆ ಹಾಗೆಯೇ ಇದ್ದಿರಬಹುದು. ಆದರೆ ಮಳೆಗಾಲದ ಮಧ್ಯಾಹ್ನ ಪುರಂದರದಾಸರನ್ನು ಅಕ್ಷರ ಅಕ್ಷರ ಪ್ರತಿ ಮಾಡುತ್ತ ಕೂತವನು ಕೊನೆಯವರೆಗೂ ಎದುರಾಳಿಯಾಗಿಯೇ ಉಳಿಯುವುದು ಕಷ್ಟ. 1700ಕ್ಕೂ ಹೆಚ್ಚು ಪುಟಗಳ ಕಿಟ್ಟೆಲ್ ನಿಘಂಟು ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾಯಿತು. ಅಷ್ಟು ಹೊತ್ತಿಗೆ ಆ ಇಪ್ಪತ್ತೊಂದರ ಹುಡುಗನಿಗೆ ಅರವತ್ತು ದಾಟಿತ್ತು.

ಮಳೆಯ ಲೆಕ್ಕಕ್ಕೆ ಇನ್ನೊಂದು ಸೇರಿಸಬೇಕು. ಅಚ್ಚುಕೂಟ ನೋಡಿಕೊಳ್ಳಲೆಂದು 1851ರಲ್ಲಿ ಬಂದ ಪ್ಲೆಬ್ಸ್ಟ್ ಮುಂದೆ ಅಚ್ಚಿನ ಮಸಿ ಬಿಟ್ಟು ಮಣ್ಣಿಗೆ ಕೈಹಾಕಿದ. ನೇತ್ರಾವತಿಯ ದಂಡೆಯ ಜೇಡಿಯಿಂದ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಸುರುವಾಯಿತು. ವರ್ಷ ವರ್ಷ ಮುಳಿಹುಲ್ಲು ಹೊದೆಸುವ ಕಾಟ, ಸೋರುವ ಮಾಡಿನ ಕೆಳಗೆ ಕೊಡಪಾನ ಇಡುವ ಕಾಟ ಆ ಹೆಂಚಿನಿಂದ ತಪ್ಪಿತು. ಬೋಧನೆಗೆ ಕಿವಿಗೊಡದ ಮನೆಗಳೂ ಹೆಂಚಿಗೆ ಮಾತ್ರ ಬೇಡ ಎನ್ನಲಿಲ್ಲ.

ಇಷ್ಟು ಓದಿ ಇವರದ್ದೇನು ಸುಖದ ಬದುಕು ಎಂದುಕೊಳ್ಳಬೇಡಿ. ಮದುವೆಯಾಗಬೇಕಾದರೆ ಬಾಸೆಲಿನ ಕಮಿಟಿಗೆ ಅರ್ಜಿ ಹಾಕಬೇಕು. ಅದನ್ನೂ ಬಂದ ಕೂಡಲೇ ಹಾಕುವಂತಿಲ್ಲ. ಒಪ್ಪಿಗೆ ಸಿಕ್ಕಿದರೆ ಅನೇಕರಿಗೆ ವಧು ಹಡಗಿನಲ್ಲಿ ಬರುತ್ತಿದ್ದಳು, ಮುಖ ನೋಡಿ ಗೊತ್ತಿಲ್ಲದ ವಧು. ನಮ್ಮ ಅಜ್ಜಂದಿರ ಕಾಲದ ಮದುವೆಗಳೂ ಹೆಚ್ಚು ಕಡಿಮೆ ಹೀಗೇ ಆದ್ದರಿಂದ ನಾವು ನಗುವ ಹಾಗಿಲ್ಲ. ಕಿಟ್ಟೆಲನ ಮೊದಲ ಹೆಂಡತಿ 1864ರಲ್ಲಿ ತೀರಿಕೊಂಡಳು, ಆಮೇಲೆ ಆಕೆಯ ಸೋದರಿಯನ್ನೇ ಮದುವೆಯಾದ. ಎಲ್ಲಕ್ಕಿಂತ ಕಠಿಣವಾದದ್ದು ಮಕ್ಕಳ ವಿಷಯ. ಶಾಲೆಯ ಪ್ರಾಯಕ್ಕೆ ಬಂದ ಮಕ್ಕಳನ್ನು ಯುರೋಪಿಗೆ ಕಳಿಸಿಬಿಡಬೇಕೆಂದು ಮಿಶನಿನ ನಿಯಮ. ಬಾಸೆಲಿನಲ್ಲಿ ಅದಕ್ಕೆಂದೇ ಒಂದು ಮಕ್ಕಳ ಮನೆ ಇತ್ತು. ಆರೇಳು ವರ್ಷದ ಮಗುವನ್ನು ಹಡಗು ಹತ್ತಿಸಿ ಬಂದ ತಾಯಿ ಅದನ್ನು ಮತ್ತೆ ನೋಡುವುದು ಎಷ್ಟೋ ವರ್ಷಗಳ ನಂತರ, ಕೆಲವರಿಗೆ ಅದೂ ಇಲ್ಲ. ಕೌಂಡಿನ್ಯನ ತಾಯಿಗಾದ ನೋವಿಗೂ ಈ ತಾಯಿಯ ನೋವಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಎರಡನ್ನೂ ಮಾಡಿದ್ದು ಅದೇ ಮಿಶನ್.

ಆ ಕೌಂಡಿನ್ಯ 1846ರಲ್ಲಿ ಮೋಗ್ಲಿಂಗನ ಜತೆ ಬಾಸೆಲಿಗೆ ಹೋದ. ಅಲ್ಲಿ ಓದಿ, ಪಾದ್ರಿಯಾಗಿ, 1851ರಲ್ಲಿ ತಿರುಗಿ ಬಂದು ಬಲ್ಮಠದಲ್ಲೇ ಪಾಠ ಹೇಳಿದ. ಮುಂದೆ ಜರ್ಮನಿಯ ಹೆಣ್ಣನ್ನೇ ಮದುವೆಯಾದ. ಮೋಗ್ಲಿಂಗ್ ಇಲ್ಲಿ ಗಂಜಿಗೆ ಒಗ್ಗಿಕೊಂಡಂತೆ ನಮ್ಮ ಊರಿನ ಹುಡುಗ ಅಲ್ಲಿ ಹಿಮದಲ್ಲಿ ಬ್ರೆಡ್ಡಿಗೆ ಒಗ್ಗಿಕೊಂಡ. ಮಂಗಳೂರಿನವನಿಗೆ ಜಡಿಮಳೆಯಿಲ್ಲದ ಜುಲೈ ಹೇಗೆ ಕಂಡಿತೋ ಎಂದು ನನಗೆ ಕುತೂಹಲ. ಇವನ ಕತೆಯನ್ನು ನಮ್ಮ ಕಾದಂಬರಿಕಾರರು ಯಾರಾದರೂ ಬರೆಯಬೇಕು.

ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಪಾದ್ರಿಗಳು ಶತ್ರು ದೇಶದವರೆಂದು ಇಲ್ಲಿಂದ ಹೋಗಬೇಕಾಯಿತು. ಅವರು ಅಚ್ಚು ಹಾಕಿದ ಪುಸ್ತಕಗಳು ಹೋಗಲಿಲ್ಲ. ಪಾಠಪುಸ್ತಕ, ಪಂಚಾಂಗ, ಗಾದೆಯ ಪುಸ್ತಕ, ಕೀರ್ತನೆ ಎಂದು ಕರಾವಳಿಯ ಎಷ್ಟೋ ಮನೆಗಳ ಅಟ್ಟದಲ್ಲಿ, ಮದುವೆಯ ಹಂಡೆ, ಮುರಿದ ತೊಟ್ಟಿಲುಗಳ ಜತೆ ಈಗಲೂ ಇವೆ. ಹಳೆ ಮನೆ ಕೆಡವಿ ಫ್ಲ್ಯಾಟು ಕಟ್ಟುವಾಗ ಹೆಂಚಿಗೆ ಕೊಳ್ಳುವವರು ಸಿಗುತ್ತಾರೆ, ಪುಸ್ತಕ ಗುಜರಿಗೆ ಹೋಗುತ್ತದೆ. ನಿಮ್ಮ ಅಟ್ಟದಲ್ಲಿ ಅಂಥದ್ದು ಇದ್ದರೆ ಪತ್ತನಾಜೆಯ ಮೊದಲೇ ಇಳಿಸಿ ಒಂದು ದಿನ ನೆರಳಿನಲ್ಲಿ ಗಾಳಿಗೆ ಇಡಿ. ಮೊದಲ ಪುಟದಲ್ಲಿ ಬಾಸೆಲ್ ಮಿಶನ್ ಎಂದಿದ್ದರೆ, ಮನೆಯಲ್ಲಿ ಇಟ್ಟುಕೊಳ್ಳಲು ಮನಸ್ಸಿಲ್ಲದಿದ್ದರೆ, ಗುಜರಿಯವನನ್ನು ಕರೆಯುವ ಮೊದಲು ದಯವಿಟ್ಟು ಬಲ್ಮಠದ ಪತ್ರಾಗಾರದವರಿಗೆ ಒಮ್ಮೆ ತೋರಿಸಿ.