ಬೀಪ್ ನಿಲ್ಲಿಸುವ ಮುನ್ನ

ಪ್ರೀತಿಯ ಗೆಳೆಯಾ,

ಕೂಸು ಮಲಗಿದ ಮೇಲೆ ಒಂದಿಷ್ಟು ಹೊತ್ತು ಆಡೋಣವೆಂದು ಕೂತರೆ, ಪ್ಲೇಸ್ಟೇಷನ್ 5 (ಪಿಎಸ್5) 'ಬೀಪ್' ಅಂದು ಅದನ್ನು ಎಬ್ಬಿಸಿಬಿಡುತ್ತದೆ ಅಂತ ಬರೆದಿದ್ದೀಯ. ಟಿವಿ ಸದ್ದು ಎಷ್ಟೇ ತಗ್ಗಿಸಿದರೂ, ಹೆಡ್‌ಫೋನ್ ಹಾಕಿಕೊಂಡರೂ ಅದು ನಿಲ್ಲುವುದಿಲ್ಲ. ಆ ಸದ್ದು ಹೊರಡುವುದು ಟಿವಿಯಿಂದಲ್ಲ, ಕನ್ಸೋಲ್‌ನ ಒಳಗಿಂದಲೇ.

ದಾರಿ ಇದೆ, ಚಿಂತೆ ಬಿಡು. ಸೆಟ್ಟಿಂಗ್ಸ್‌ಗೆ ಹೋಗಿ ಸಿಸ್ಟಂ ತೆರೆ. 'ಬೀಪ್ ಅಂಡ್ ಲೈಟ್' ಅಂತ ಕಾಣುತ್ತದೆ. ಅಲ್ಲಿ ಬೀಪ್ ತಗ್ಗಿಸಲೂಬಹುದು, ಪೂರ್ತಿ ಮ್ಯೂಟ್ ಮಾಡಲೂಬಹುದು. 2020ರಲ್ಲಿ ಬಂದ ಯಂತ್ರಕ್ಕೆ ಈ ಸವಲತ್ತು ಸಿಕ್ಕಿದ್ದು 2023ರ ಅಪ್‌ಡೇಟ್‌ನಲ್ಲಿ. ಮಕ್ಕಳಿರುವ ಮನೆಗಳನ್ನು ಅಷ್ಟು ವರ್ಷ ಕಾಯಿಸಬಾರದಿತ್ತು.

ಮ್ಯೂಟ್ ಮಾಡುವ ಮೊದಲು ಒಂದು ಮಾತು ನೆನಪಿಡು. ಆ ಬೀಪ್‌ಗೂ ಕೆಲಸವಿದೆ. ಯಂತ್ರ ಕೈಕೊಟ್ಟು ಸೇಫ್ ಮೋಡ್‌ಗೆ ಹೋಗಬೇಕಾದಾಗ ಪವರ್ ಬಟನ್ ಒತ್ತಿ ಹಿಡಿಯಬೇಕು. ಒತ್ತಿದೊಡನೆ ಒಂದು ಬೀಪ್, ಸುಮಾರು 7 ಸೆಕೆಂಡ್ ಆದ ಮೇಲೆ ಇನ್ನೊಂದು. ಆ ಎರಡನೆಯದು ಕೇಳಿದಾಗ ಬೆರಳು ತೆಗೆಯಬೇಕು. ಅದಕ್ಕೇ ನಾನಾದರೆ ಮೊದಲು ತಗ್ಗಿಸಿ ನೋಡುತ್ತೇನೆ, ಮಗು ಆಗಲೂ ಎದ್ದರೆ ಮಾತ್ರ ಮ್ಯೂಟ್.

ಸದ್ದೇ ಸುದ್ದಿ ಹೇಳುತ್ತಿದ್ದ ಕಾಲವೊಂದಿತ್ತು. 1994ರ ಮೊದಲ ಪ್ಲೇಸ್ಟೇಷನ್ ಆನ್ ಮಾಡಿದರೆ ಬಿಳಿ ಪರದೆಯ ಮೇಲೆ ಸೋನಿ ಹೆಸರು, ಜೊತೆಗೆ ಎದೆ ತುಂಬುವ ಗಂಭೀರ ನಾದ. ಆಮೇಲೆ ಪರದೆ ಕಪ್ಪಾಗಿ, ಪಿಎಸ್ ಲಾಂಛನದೊಂದಿಗೆ ಇನ್ನೊಂದು ಸ್ವರ. ಆ ಎರಡನೆಯ ಸ್ವರ ಬಂತೆಂದರೆ ಡಿಸ್ಕ್ ಸಿಕ್ಕಿತು ಅಂತ ಅರ್ಥ. ಡಿಸ್ಕ್ ಗೀಚಿಹೋಗಿದ್ದರೆ ಅದು ಬರುತ್ತಲೇ ಇರಲಿಲ್ಲ, ಅಡುಗೆಮನೆಯಲ್ಲಿ ನಿಂತವರಿಗೂ ಗೊತ್ತಾಗುತ್ತಿತ್ತು! ಆ ನಾದ ರಚಿಸಿದವರು ತಕಾಫುಮಿ ಫುಜಿಸಾವಾ. ಸೆಗಾದ ಡ್ರೀಮ್‌ಕಾಸ್ಟ್‌ಗಂತೂ ಸಂಗೀತಗಾರ ರ್ಯೂಯಿಚಿ ಸಕಾಮೊಟೊ ಅವರೇ ಆರಂಭದ ಸದ್ದು ಮಾಡಿಕೊಟ್ಟರು. 2001ರ ಗೇಮ್‌ಕ್ಯೂಬ್‌ನಲ್ಲಿ ಇನ್ನೂ ಚಂದ: ನಾಲ್ಕೂ ಕಂಟ್ರೋಲರ್‌ಗಳ ಝಡ್ ಬಟನ್ ಒತ್ತಿಹಿಡಿದು ಆನ್ ಮಾಡಿದರೆ ಕಬುಕಿ ನಾಟಕದ ಕೂಗು ಕೇಳುತ್ತಿತ್ತು. ಅದಕ್ಕೆ ಮನೆಗೆ ಗೆಳೆಯರು ಬಂದಿರಲೇಬೇಕು. ಅಂಥ ಸದ್ದುಗಳನ್ನು ಅಡಗಿಸು ಅಂತ ನಾನು ಯಾರಿಗೂ ಹೇಳಲಾರೆ. ನಿನ್ನ ಪಿಎಸ್5ದು ಬರೀ ಬೀಪ್, ಅದರ ಮೇಲೆ ಮೋಹ ಬೇಡ.

ಅಂದಹಾಗೆ, ತೊಟ್ಟಿಲು ಕನ್ಸೋಲ್ ಇರುವ ಕೋಣೆಯಲ್ಲೇ ಇದ್ದರೆ 'ಬೀಪ್ ಅಂಡ್ ಲೈಟ್' ಪಟ್ಟಿಯಲ್ಲೇ ಕನ್ಸೋಲ್‌ನ ದೀಪದ ಬೆಳಕನ್ನೂ 'ಡಿಮ್'ಗೆ ಇಳಿಸಿಬಿಡು. ಫಲಿಸಿತೋ ಇಲ್ಲವೋ, ಬರಿ.

ನಿನ್ನ ಗೆಳೆಯ