ಎರಡು ಅರ್ಥದ ದಾದಿ

ಕನ್ನಡದಲ್ಲಿ ದಾದಿ ಎಂದರೆ ನರ್ಸ್. ನಮ್ಮ ಮನೆಯ ಉರ್ದುವಿನಲ್ಲಿ ದಾದಿ ಎಂದರೆ ಅಪ್ಪನ ತಾಯಿ. ಹುತ್ತೂರು ಹೋಬಳಿಯ ನಮ್ಮ ಮನೆಯಲ್ಲಿ ಮೂರು ವರ್ಷದಿಂದ ಈ ಎರಡೂ ಅರ್ಥಕ್ಕೆ ಒಬ್ಬರೇ ಇದ್ದಾರೆ. ದಾದಾಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಅಂದಿನಿಂದ ಅವರ ಆರೈಕೆಯೆಲ್ಲ ದಾದಿಯದೇ. ದಾದಾಗೆ ಈಗ 74 ವರ್ಷ, ದಾದಿಗೆ 68.

ಫಜರ್ ಅಜಾನ್‌ಗೆ ಮೊದಲೇ ದಾದಿಯ ದಿನ ಶುರುವಾಗುತ್ತದೆ. ದಾದಾರ ಬಟ್ಟೆ ಬದಲಿಸಿ, ಮೈ ಒರೆಸಿ, ವುಜೂ ಮಾಡಿಸಬೇಕು. ದಿಂಬು ಕೊಟ್ಟು ಕೂರಿಸಿ ರಾಗಿ ಗಂಜಿಯನ್ನು ಚಮಚದಲ್ಲಿ ಕುಡಿಸಬೇಕು. ಮಲಗಿದಲ್ಲೇ ಕುಡಿಸಿದರೆ ನೆತ್ತಿಗೆ ಹತ್ತುತ್ತದೆ. ಬೆನ್ನಿನಲ್ಲಿ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ ಕೂಡ. ಅಬ್ಬಾ ನರಸಾಪುರದಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಾರೆ. ಅಮ್ಮಿಗೆ ಹಸು, ಅಡುಗೆ, ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುವ ಕೆಲಸ.

ಕಾಯಿಲೆಯವರನ್ನು ನೋಡಿ ಬರುವುದು, ಅಂದರೆ ಇಯಾದತ್, ನಮ್ಮಲ್ಲಿ ಸುನ್ನತ್. ಬಹಳ ಜನ ಬರುತ್ತಾರೆ. ಬಾಳೆಹಣ್ಣು, ಬ್ರೆಡ್ ತರುತ್ತಾರೆ, ದಾದಾರ ಪಕ್ಕ ಕೂತು ದುವಾ ಮಾಡುತ್ತಾರೆ. ದಾದಿ ಎಲ್ಲರಿಗೂ ಚಹಾ ಮಾಡಿ ಕೊಡುತ್ತಾರೆ. ಹೊರಡುವಾಗ, “ನಿಮಗೆ ಅಲ್ಲಾಹ್ ಸವಾಬ್ ಕೊಡುತ್ತಾನೆ” ಎಂದು ಹೇಳಿ ಹೋಗುತ್ತಾರೆ. ಮಾತು ನಿಜವೇ. ಆದರೆ ಸವಾಬಿನ ಜೊತೆಗೆ ಆ ಜೀವಕ್ಕೆ ನಿದ್ದೆಯೂ ಬೇಕಲ್ಲ?

ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರ್‌ನಲ್ಲಿ ಆರಂಭವಾಗಿದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ. ಮನೆಮನೆಗೆ ಬಂದು ಬಿಪಿ, ಶುಗರ್ ನೋಡುವ ಯೋಜನೆ ಇದು. ಆ ತಂಡ ಬಂದಾಗ ದಾದಿ ನೇರವಾಗಿ ದಾದಾರ ಮಂಚ ತೋರಿಸಿದರು. “ನಿಮ್ಮ ಕೈಯನ್ನೂ ಕೊಡಿ ಅಜ್ಜಿ” ಎಂದು ಅವರೇ ಕರೆದು ಕೂರಿಸಿದರು. ಬಿಪಿ ಜಾಸ್ತಿ ಇತ್ತು. ಕಣ್ಣಿನಲ್ಲಿ ಪೊರೆಯೂ ಬೆಳೆದಿದೆ ಎಂದು ಆಮೇಲೆ ಗೊತ್ತಾಯಿತು. ದಾದಾರ ಮಾತ್ರೆ ಚೀಟಿಯನ್ನು ಅಷ್ಟು ದಿನವೂ ಅವರು ಬಣ್ಣದ ಮೇಲೆ ಗುರುತಿಸುತ್ತಿದ್ದರು.

ದುಡ್ಡಿನ ತೊಡಕು ಇರಲಿಲ್ಲ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಿಂದಲೂ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಪೊರೆಯ ಆಪರೇಷನ್ ಉಚಿತ. ಶಕ್ತಿ ಯೋಜನೆಯಿಂದ ಕೋಲಾರಕ್ಕೆ ಬಸ್ಸೂ ಉಚಿತ. ಆದರೆ ಆಪರೇಷನ್ ಆದ ಮೇಲೆ ಕೆಲವು ವಾರ ಬಗ್ಗಬಾರದು, ಭಾರ ಎತ್ತಬಾರದು ಎಂದರು ಡಾಕ್ಟರು. ದಾದಿ ಕೇಳಿದ್ದು ಒಂದೇ ಮಾತು: “ಹಾಗಾದರೆ ಅವರನ್ನು ಎತ್ತುವವರು ಯಾರು?” ಎರಡು ಸಲ ದಿನಾಂಕ ಮುಂದಕ್ಕೆ ಹಾಕಿದರು.

ಆ ಪ್ರಶ್ನೆಗೆ ಸಮಾಧಾನದ ಮಾತು ಉತ್ತರವಲ್ಲ. ಹೆಸರು ಮತ್ತು ಹೊತ್ತು ಬೇಕು. ಒಂದು ಜುಮ್ಮಾ ದಿನ ಎಲ್ಲರೂ ಕೂತು ಕ್ಯಾಲೆಂಡರಿನ ಹಿಂದೆ ಬರೆದೆವು. ಬೆಳಗಿನ ಶಿಫ್ಟ್ ಇದ್ದ ವಾರ ರಾತ್ರಿ ಅಬ್ಬಾ. ಶನಿವಾರ, ಭಾನುವಾರ ಮಾಲೂರಿನ ಚಾಚಾ. ಮಧ್ಯಾಹ್ನ ಅಮ್ಮಿ, ಆ ಹೊತ್ತಿಗೆ ಹುಳುಗಳಿಗೆ ಸೊಪ್ಪು ಹಾಕುವುದಾಗಿ ಪಕ್ಕದ ಮನೆಯ ಅಕ್ಕ ತಾವಾಗಿಯೇ ಒಪ್ಪಿಕೊಂಡರು. ಕಾಲೇಜಿನಿಂದ ಬಂದ ಮೇಲೆ ಐದರಿಂದ ಎಂಟು ನಾನು. ದಾದಾರನ್ನು ಮಂಚದಿಂದ ಕುರ್ಚಿಗೆ ಹೇಗೆ ಕೂರಿಸಬೇಕು ಎಂದು ಫಿಸಿಯೋಥೆರಪಿಯವರು ತೋರಿಸಿಕೊಟ್ಟರು. ಕುರ್ಚಿಯನ್ನು ಶಕ್ತಿ ಇರುವ ಎಡಗಡೆ ಇಡಬೇಕು, ನಾವು ಬೆನ್ನು ಬಗ್ಗಿಸದೆ ಮಂಡಿ ಬಗ್ಗಿಸಬೇಕು, ಬಿದ್ದ ಕೈ ಹಿಡಿದು ಎಳೆಯಲೇಬಾರದು. “ಓದೋ ಹುಡುಗ ಇದೆಲ್ಲ ಮಾಡ್ತಾನಾ?” ಎಂದು ದಾದಿ ಬೇಡವೆಂದರು. ದಾದಾಗೂ ಮೊದಲ ವಾರ ಮುಜುಗರವಾಯಿತು. ಈಗ ಇಬ್ಬರೂ ಕ್ರಿಕೆಟ್ ಕೇಳುತ್ತಾ ಕೂರುತ್ತೇವೆ.

ವೃದ್ಧ ತಂದೆತಾಯಿಯನ್ನು ಮಕ್ಕಳು ನೋಡಿಕೊಳ್ಳಬೇಕೆಂದು 2007ರ ಕಾನೂನು ಹೇಳುತ್ತದೆ. ಸಂಬಳವಿಲ್ಲದೆ ನೋಡಿಕೊಳ್ಳುವ ಮನೆಯವರನ್ನೂ ಆರೈಕೆದಾರರೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುತ್ತದೆ. ಹಿರಿಯರ ಸಹಾಯವಾಣಿ 14567ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು. ಆದರೆ ಕರೆ ಮಾಡಬೇಕಾದವರು ತಮಗೂ ಕಷ್ಟವಿದೆ ಎಂದು ಒಪ್ಪಿಕೊಳ್ಳುವುದೇ ಅಪರೂಪ. ವೃದ್ಧರಾದ ತಂದೆತಾಯಿಯ ಮುಂದೆ ‘ಉಫ್’ ಎನ್ನಬಾರದೆಂದು ಮದರಸಾದಲ್ಲಿ ನಾವೆಲ್ಲ ಕಲಿತಿದ್ದೇವೆ. ದಾದಿಯಂಥವರು ತಮಗಾಗಿಯೂ ‘ಉಫ್’ ಎನ್ನುವುದಿಲ್ಲ. ಆದ್ದರಿಂದ ನಾವೇ ಕೇಳಬೇಕು.

ಗೆಳೆಯರೇ, ಮುಂದಿನ ಸಲ ಇಯಾದತ್‌ಗೆ ಹೋದಾಗ ಕಾಯಿಲೆಯವರ ಬಳಿ ಕೂತು ಬನ್ನಿ, ಜೊತೆಗೆ ಅವರನ್ನು ನೋಡಿಕೊಳ್ಳುವವರನ್ನೂ ವಿಚಾರಿಸಿ. ನಿಮ್ಮ ಮಾತ್ರೆ ತಗೊಂಡ್ರಾ, ರಾತ್ರಿ ನಿದ್ದೆ ಬಂತಾ ಎಂದು ಕೇಳಿ. ಚಹಾ ಬೇಡವೆನ್ನಿ. ಸಾಧ್ಯವಾದರೆ, “ನಾನು ಒಂದು ಗಂಟೆ ಇಲ್ಲೇ ಇರ್ತೀನಿ, ನೀವು ಮಲಗಿ” ಎನ್ನಿ.

ದಾದಿಯ ಬಲಗಣ್ಣಿನ ಆಪರೇಷನ್ ಆಯಿತು. ಮಾತ್ರೆ ಚೀಟಿ ಈಗ ಓದಲು ಬರುತ್ತದೆ. ಎಡಗಣ್ಣಿನದು ನನ್ನ ವಾರ್ಷಿಕ ಪರೀಕ್ಷೆ ಮುಗಿದ ಮೇಲೆ, ಇನ್‌ಷಾ ಅಲ್ಲಾಹ್. ಆ ವಾರಗಳ ಪಟ್ಟಿ ಈಗಾಗಲೇ ಬರೆದಾಗಿದೆ.